ರವೆಯ ನಿಂಬೆಹಣ್ಣು, ಬೋಲ್ಟಿನ ತಗಡು

ನನ್ನ ಪುಟ್ಟ ಮಾದರಿ ರೈಲಿಗೆಂದು ತರಿಸಿದ, ನಾವೇ ಜೋಡಿಸಬೇಕಾದ ಅಮೆರಿಕದ ಸರಕು ಶೆಡ್ಡೊಂದು ವಿಜಯಪುರದ ನಮ್ಮ ಮನೆಗೆ ಬಂದಾಗ ಚಪ್ಪಟೆಯಾಗಿತ್ತು. ಲೇಸರ್‌ನಲ್ಲಿ ಕೊರೆದ ತೆಳು ಮರದ ಹಾಳೆಗಳು, ಅಂಚೆಲ್ಲ ಸುಟ್ಟ ಕಂದು. ಪೊಟ್ಟಣ ಬಿಚ್ಚಿದರೆ ಒಲೆಯ ಮುಂದೆ ಕೂತಂಥ ವಾಸನೆ. ಅಳತೆ 1:87, ನಿಜದ ಒಂದು ಅಡಿ ಇಲ್ಲಿ ಮೂರೂವರೆ ಮಿಲಿಮೀಟರ್. ಮಹಡಿಯ ಮೇಜಿನ ಮೇಲೆ ನಾನು ಹಾಸಿರುವ ಹಳಿಯ ಅಗಲ 12 ಮಿಲಿಮೀಟರ್. ಚಿಕ್ಕಂದಿನಲ್ಲಿ ಹತ್ತಿದ, ಒಂದು ಮೀಟರ್ ಅಗಲದ ಹಳಿಯ ಗದಗ–ಹೋಟಗಿ ಮೀಟರ್‌ಗೇಜ್ ಗಾಡಿಯ ನೆನಪಿಗೆ. ಅದರ ಪಕ್ಕ ಇಂಡಿ ಸೀಮೆಯ ನಿಂಬೆಹಣ್ಣು ತುಂಬುವ ಒಂದು ಶೆಡ್ ಇರಬೇಕೆಂದು ಆಸೆ. ಅಂಥದ್ದೊಂದು ನಿಜವಾಗಿ ಇತ್ತೇ ಎಂದು ಕೇಳಬೇಡಿ, ಮೇಜು ನನ್ನದು.

ಶೆಡ್ಡಿನ ಅಗಲ 11 ಸೆಂಟಿಮೀಟರ್. ಹಳಿಗೂ ಕೋಣೆಯ ಗೋಡೆಗೂ ನಡುವೆ ಉಳಿದಿದ್ದು ಎಂಟೇ. ಸಾಲದೆಂಬಂತೆ ಹಿಮ ಜಾರಲೆಂದು ಕಡಿದಾಗಿ ಏರಿದ ಮಾಡು ಬೇರೆ. ಮಳೆಗೇ ಮುಗಿಲು ನೋಡುವ ಊರಿಗೆ ಹಿಮದ ಮಾಡು! ಭಾನುವಾರ ಬೆಳಿಗ್ಗೆ ಎರಡೂ ಬದಿಯ ಗೋಡೆಗಳಿಂದ ಮೂರು ಸೆಂಟಿಮೀಟರ್ ಕಡಿದೆ, ಮೇಲಿನ ಶಿಖರವನ್ನು ಓರೆಯಾಗಿ ಕೊಯ್ದು ಒಂದೇ ಇಳಿಜಾರಿಗೆ ತಂದೆ. ಇಷ್ಟಕ್ಕೆ ಎರಡು ಬ್ಲೇಡ್ ಮೊಂಡಾದವು.

ಗೋಡೆಯ ಮೇಲೆ ಒಂದರ ಮೇಲೊಂದು ಹಲಗೆ ಹೊದಿಸಿದ ಗೆರೆಗಳಿದ್ದವು. ಕಲ್ಲು ಕೇಳಿದಷ್ಟು ಸಿಗುವ, ಗೆದ್ದಲು ಕೇಳದೆಯೇ ಬರುವ ನಮ್ಮ ನೆಲದಲ್ಲಿ ಹಲಗೆಯ ಗೋಡೆ ಯಾರು ಕಟ್ಟುತ್ತಾರೆ? ಗೋಡೆಯನ್ನೇ ತಿರುಗಿಸಿ, ನುಣುಪಾದ ಒಳಮೈಯನ್ನು ಹೊರಗೆ ಮಾಡಿ, ದಬ್ಬಣದಿಂದ ಕಲ್ಲಿನ ಸಂದುಗಳನ್ನು ಗೀರಿದೆ. ತಿರುಗಿಸಿದರೆ ಎಡದ ಬಾಗಿಲು ಬಲಕ್ಕೆ ಹೋಗುತ್ತದೆ ಎಂಬ ಮಕ್ಕಳ ಲೆಕ್ಕ ಹೊಳೆದಿದ್ದು ಆಮೇಲೆ. ಬಾಗಿಲು ನೀರಿನ ಟ್ಯಾಂಕಿನ ಕಾಲಿಗೆ ಮುಖ ಮಾಡಿ ನಿಂತಿತ್ತು. ಟ್ಯಾಂಕನ್ನೇ ಕಿತ್ತೆ.

ಬಣ್ಣ ಹಚ್ಚಿ ಊಟ ಮುಗಿಸಿ ಬರುವಷ್ಟರಲ್ಲಿ ಗೋಡೆ ಬಿಲ್ಲಿನಂತೆ ಬಾಗಿತ್ತು. ಅದನ್ನು ಹಿಡಿದು ನಮ್ಮ ಓಣಿಯ ಬಡಿಗೇರ ಕಾಕಾ ಅವರ ಬಳಿ ಹೋದೆ. ಬಾಗಿಲ ಚೌಕಟ್ಟು ಕೂರಿಸುತ್ತಿದ್ದವರು ಕೈ ಒರೆಸಿಕೊಂಡು, ಅಂಗೈಯಗಲದ ಆ ಗೋಡೆಯನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಿದರು. ನಗಲಿಲ್ಲ, ಅದೇ ಸಮಾಧಾನ.

“ಒಂದು ಮೈಗೆ ನೀರು ಕುಡಿಸಿ ಇನ್ನೊಂದನ್ನು ಉಪವಾಸ ಕೆಡವಿದರೆ ಮರ ಮುನಿಯದೆ ಇರುತ್ತದೆಯೇ?”

ಹಿಂಬದಿಗೂ ಅದೇ ಬಣ್ಣ ಹಚ್ಚಿ, ಆರುವ ಮುಂಚೆ ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಭಾರ ಹೇರು, ಬೆಳಿಗ್ಗೆ ಒಳಗಡೆ ಅಡ್ಡಪಟ್ಟಿ ಅಂಟಿಸು ಎಂದರು. ರಾತ್ರಿಯಿಡೀ ಗೋಡೆ ರುಬ್ಬುಗುಂಡಿನ ಕೆಳಗೆ ಮಲಗಿತು. ಬೆಳಿಗ್ಗೆ ಎದ್ದು ನೋಡಿದರೆ ನೆಟ್ಟಗಾಗಿತ್ತು.

ನನಗೆ ಅತಿ ಹೆಚ್ಚು ಖುಷಿ ಕೊಟ್ಟಿದ್ದು ಮಾಡಿನ ತಗಡು. ನಿಜದ ಸುಕ್ಕುತಗಡಿನಲ್ಲಿ ಒಂದು ಏಣಿನಿಂದ ಇನ್ನೊಂದಕ್ಕೆ ಸುಮಾರು ಮೂರು ಅಂಗುಲ. 87ರಿಂದ ಭಾಗಿಸಿದರೆ ಒಂದು ಮಿಲಿಮೀಟರಿಗೂ ಕಡಿಮೆ. ಐದು ಮಿಲಿಮೀಟರ್ ಬೋಲ್ಟಿನ ಎಳೆಗಳ ಅಂತರ 0.8. ಊಟದ ಪಾರ್ಸಲ್ ಬಂದಿದ್ದ ಅಲ್ಯೂಮಿನಿಯಂ ಡಬ್ಬಿಯ ತಳ ಕತ್ತರಿಸಿ, ಹಳೆಯ ರಟ್ಟಿನ ಮೇಲಿಟ್ಟು, ಬೋಲ್ಟನ್ನು ಚಪಾತಿ ಲಟ್ಟಿಸಿದಂತೆ ಒತ್ತಿ ಉರುಳಿಸಿದೆ. ಗೀರುಗಳು ಎಳೆ ಹಿಡಿದು ತುಸು ಓರೆಯಾಗಿ ಬೀಳುತ್ತವೆ. ಆ ಓರೆಗೆ ಹೊಂದಿಸಿಯೇ ತುಂಡು ಮಾಡಬೇಕು. ತುಕ್ಕಿಗೆ ಕೆಮ್ಮಣ್ಣು ಒರೆಸಿದೆ.

ಕೊನೆಗೆ ನಿಂಬೆಹಣ್ಣು. ಸಾಸಿವೆ ಇಟ್ಟು ನೋಡಿದೆ: ಈ ಅಳತೆಯಲ್ಲಿ ಅದು ತೆಂಗಿನಕಾಯಿ. ಗಸಗಸೆಯೂ ದಪ್ಪವೇ. ಅರ್ಧ ಮಿಲಿಮೀಟರಿನ ಬಾಂಬೆ ರವೆ ಸರಿಹೊಂದಿತು. ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸುವಾಗ ಅವ್ವ ಬಂದು, “ಯಾರಿಗೆ ಕೇಸರಿಬಾತು?” ಎಂದಳು. ಶೆಡ್ಡಿನ ಬಾಗಿಲಲ್ಲಿ ಹಣ್ಣಿನ ಪುಟ್ಟ ರಾಶಿ ಹಾಕಿ, ದೀಪ ಆರಿಸಿ ಮಲಗಿದೆ.

ಮರುದಿನ ರಾಶಿ ಅರ್ಧಕ್ಕಿಳಿದಿತ್ತು. ಹಳಿಯ ಗುಂಟ ಬೆಕ್ಕಿನಷ್ಟು ದೊಡ್ಡ ಇರುವೆಗಳ ಸಾಲು, ಪ್ರತಿಯೊಂದರ ಬಾಯಲ್ಲೂ ಒಂದೊಂದು ಇಂಡಿ ನಿಂಬೆ, ಹೋಟಗಿಯ ದಿಕ್ಕಿಗೆ ಹೊರಟಿತ್ತು.