ಉತ್ತರಕ್ಕಾಗಿ ಕಾಯುವ ಸಾಲು

14 ಜುಲೈ 2024, ಭಾನುವಾರ

ವಾಚನಾಲಯದ ಪುಸ್ತಕಗಳನ್ನು ಪಟ್ಟಿ ಮಾಡಲೆಂದು ಬರೆಯುತ್ತಿರುವ ಪೈಥಾನ್ ಭಾಷೆಯ ಸ್ಕ್ರಿಪ್ಟಿನಲ್ಲಿ, ಅಂದರೆ ಪುಟ್ಟ ಪ್ರೋಗ್ರಾಮಿನಲ್ಲಿ, ಇಂದು ಒಂದೇ ಭಾಗವನ್ನು ಹಿಡಿದು ಕುಳಿತಿದ್ದೆ. ಟರ್ಮಿನಲ್ಲಿನಲ್ಲಿ (ಅಕ್ಷರಗಳಲ್ಲೇ ಆಜ್ಞೆ ಕೊಡುವ ಕಿಟಕಿಯಲ್ಲಿ) ಪ್ರಶ್ನೆ ತೋರಿಸಿ, ಎದುರಿಗಿರುವವರು ಟೈಪ್ ಮಾಡಿದ್ದನ್ನು ಓದಿಕೊಳ್ಳುವ ಭಾಗ ಅದು. ಶೀರ್ಷಿಕೆ, ಲೇಖಕರು, ಪುಟಗಳು, ಬೆಲೆ, ಕೊನೆಗೆ ‘ಉಳಿಸಬೇಕೇ?’ ಎಂಬ ಪ್ರಶ್ನೆ, ಇಷ್ಟೇ ಅದರ ಕೆಲಸ. ಸ್ಕ್ರಿಪ್ಟಿನ ಉಳಿದ ಸಾಲುಗಳೆಲ್ಲ ಯಂತ್ರದೊಂದಿಗೆ ವ್ಯವಹರಿಸುತ್ತವೆ. ಮನುಷ್ಯರೊಂದಿಗೆ ಮಾತನಾಡುವುದು ಈ ಒಂದು ಭಾಗ ಮಾತ್ರ. ಆದ್ದರಿಂದ ಹೆಚ್ಚಿನ ಕಾಳಜಿ ಸಲ್ಲಬೇಕಾದದ್ದು ಇದಕ್ಕೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪೈಥಾನಿನಲ್ಲಿ ಇದಕ್ಕಿರುವ ಫಂಕ್ಷನ್ (ಹೆಸರಿಟ್ಟು ಕರೆಯಬಹುದಾದ ಸಿದ್ಧ ಆಜ್ಞೆ) ‘ಇನ್‌ಪುಟ್’. 2008ರ ಡಿಸೆಂಬರಿನಲ್ಲಿ ಬಿಡುಗಡೆಯಾದ 3.0 ಆವೃತ್ತಿಗೆ ಮುಂಚೆ ಇದೇ ಹೆಸರಿನ ಫಂಕ್ಷನ್, ಬಳಕೆದಾರರು ಟೈಪ್ ಮಾಡಿದ್ದನ್ನು ಪೈಥಾನ್ ಅಭಿವ್ಯಕ್ತಿಯೆಂದೇ ಭಾವಿಸಿ ನಡೆಸಿಬಿಡುತ್ತಿತ್ತು. ಅಂದರೆ, ಹೆಸರು ಕೇಳಿದ ಜಾಗದಲ್ಲಿ ಯಾರಾದರೂ ಫೈಲ್ ಅಳಿಸುವ ಆಜ್ಞೆಯನ್ನು ಬರೆದರೆ ಅದೂ ನಡೆದುಹೋಗುತ್ತಿತ್ತು. ಬರೆದದ್ದನ್ನು ಬರೆದ ಹಾಗೆಯೇ ಕೊಡುವ ಫಂಕ್ಷನ್ನಿಗೆ ಆಗ ‘ರಾ ಇನ್‌ಪುಟ್’ ಎಂಬ ಬೇರೆ ಹೆಸರಿತ್ತು. ಪೆಪ್ (ಪೈಥಾನ್ ಭಾಷೆಯ ಬದಲಾವಣೆಯ ಪ್ರಸ್ತಾವ) 3111ರ ಪ್ರಕಾರ ಹಳೆಯ ಅಪಾಯಕಾರಿ ನಡೆಯನ್ನು ಕೈಬಿಟ್ಟು, ಸುರಕ್ಷಿತವಾದದ್ದಕ್ಕೇ ‘ಇನ್‌ಪುಟ್’ ಎಂಬ ಸರಳ ಹೆಸರನ್ನು ಕೊಡಲಾಯಿತು. ಹೊಸಬರ ಕೈಗೆ ಮೊದಲು ಸಿಗುವ ಹೆಸರು ಸುರಕ್ಷಿತವಾಗಿರಬೇಕೆಂಬ ಈ ನಿರ್ಧಾರವನ್ನು ನಾನು ಬಹಳ ಮೆಚ್ಚುತ್ತೇನೆ. ಉಳಿದ ಭಾಷೆಗಳಿಗೆ ತಮ್ಮದೇ ಆದ ರೂಢಿಗಳಿವೆ. ಪರ್ಲ್ ಮತ್ತು ರೂಬಿಯಲ್ಲಿ ಓದಿದ ಸಾಲಿನ ಕೊನೆಗೆ ಎಂಟರ್ ಒತ್ತಿದ ಗುರುತು ಉಳಿದುಕೊಂಡೇ ಬರುವುದರಿಂದ ಅದನ್ನು ‘ಚಾಂಪ್’ ಮಾಡಿ ತೆಗೆಯಬೇಕು. ರೂಬಿಯ ‘ಗೆಟ್ಸ್’, ಆಜ್ಞೆಯ ಜೊತೆಗೆ ಫೈಲಿನ ಹೆಸರನ್ನು ಕೊಟ್ಟಿದ್ದರೆ ಕೀಲಿಮಣೆಯನ್ನು ಬಿಟ್ಟು ಆ ಫೈಲನ್ನೇ ಓದತೊಡಗುತ್ತದೆ. ಟರ್ಮಿನಲ್ಲಿನ ಆಜ್ಞಾಭಾಷೆಯಾದ ಬ್ಯಾಷಿನ ‘ರೀಡ್’ ಆಜ್ಞೆಗೆ ‘ಆರ್’ ಆಯ್ಕೆಯನ್ನು ಕೊಡದಿದ್ದರೆ ಅದು ಬ್ಯಾಕ್‌ಸ್ಲ್ಯಾಶ್‌ಗಳನ್ನು ನುಂಗಿಬಿಡುತ್ತದೆ.

ಎಂಟರ್ ಒತ್ತುವವರೆಗೆ ನಮ್ಮ ಸ್ಕ್ರಿಪ್ಟಿಗೆ ಒಂದಕ್ಷರವೂ ತಲುಪುವುದಿಲ್ಲ. ಅಲ್ಲಿಯವರೆಗೆ ಸಾಲನ್ನು ತನ್ನ ಬಳಿ ಇಟ್ಟುಕೊಂಡು, ಬ್ಯಾಕ್‌ಸ್ಪೇಸ್ ಒತ್ತಿದಾಗ ಅಳಿಸುವುದು ಆಪರೇಟಿಂಗ್ ಸಿಸ್ಟಮ್ಮಿನ ಕೆಲಸ. ಕನ್ನಡ ಬರೆಯುವವರಿಗೆ ಇದು ಮುಖ್ಯವಾದ ವಿಷಯ. ನಮ್ಮ ಕಣ್ಣಿಗೆ ಒಂದೇ ಅಕ್ಷರವಾಗಿರುವ ‘ಕ್ಷ’ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡಿನಲ್ಲಿ ಮೂರು ಸಂಕೇತಗಳು, ಅವನ್ನು ಶೇಖರಿಸುವ ರೂಪವಾದ ಯುಟಿಎಫ್-8ರಲ್ಲಿ ಒಂಬತ್ತು ಬೈಟುಗಳು. ಒಮ್ಮೆ ಅಳಿಸಿದರೆ ಹೋಗುವುದು ‘ಷ’ ಮಾತ್ರ, ‘ಕ್’ ಉಳಿಯುತ್ತದೆ. ಜೊತೆಗೆ ಪರದೆಯಲ್ಲಿ ಕಾಣುವುದಕ್ಕೂ ಒಳಗೆ ಉಳಿದದ್ದಕ್ಕೂ ತಾಳೆಯಾಗದೆ ಹೋಗಬಹುದು. ಇನ್ನು ಎಡ ಬಾಣದ ಕೀಲಿಯನ್ನು ಒತ್ತಿದರೆ ಕರ್ಸರ್ ಹಿಂದಕ್ಕೆ ಸರಿಯುವ ಬದಲು ಚಿಹ್ನೆಗಳ ಗೊಂಚಲೊಂದು ಮೂಡುತ್ತದೆ. ಲಿನಕ್ಸ್‌ನಲ್ಲಿ ಇದಕ್ಕೆ ಪರಿಹಾರ ಸುಲಭ: ಸ್ಕ್ರಿಪ್ಟಿನ ಆರಂಭದಲ್ಲಿ ‘ರೀಡ್‌ಲೈನ್’ ಮಾಡ್ಯೂಲನ್ನು ಸೇರಿಸಿಕೊಂಡರೆ ಸಾಕು, ಬಾಣದ ಕೀಲಿಗಳೂ ಹಿಂದಿನ ಉತ್ತರಗಳನ್ನು ಮರಳಿ ತರುವ ಸೌಕರ್ಯವೂ ದೊರೆಯುತ್ತವೆ. ಒಬ್ಬರೇ ಲೇಖಕರ ಹತ್ತಾರು ಪುಸ್ತಕಗಳನ್ನು ಸಾಲಾಗಿ ದಾಖಲಿಸುವಾಗ ಇದರಿಂದ ಎಷ್ಟೋ ಶ್ರಮ ಉಳಿಯುತ್ತದೆ.

ಹೆಚ್ಚು ಹೊತ್ತು ಹಿಡಿದದ್ದು ಅಂಕಿಗಳ ವಿಷಯ. ದಾಖಲೆ ಮಾಡಲಿರುವ ವಾಚನಾಲಯದ ಅಮ್ಮ ಮೊನ್ನೆಯೇ ಕೇಳಿದ್ದರು: “ರಿಜಿಸ್ಟರಿನಲ್ಲಿ ನಾವು ಕನ್ನಡ ಅಂಕಿಗಳನ್ನೇ ಬರೆಯುವುದು, ಇದರಲ್ಲೂ ಹಾಗೆಯೇ ಹಾಕಬಹುದಲ್ಲವಾ ಸರ್?” ಹಾಕಬಹುದು, ಹಾಕುವಂತಿರಲೇಬೇಕು. ಪಠ್ಯವನ್ನು ಪೂರ್ಣಾಂಕವಾಗಿಸುವ ಪೈಥಾನಿನ ‘ಇಂಟ್’ ಫಂಕ್ಷನ್ನಿಗೆ ‘೨೪೦’ ಎಂಬ ಸ್ಟ್ರಿಂಗನ್ನು (ಅಕ್ಷರಗಳ ಸಾಲನ್ನು) ಕೊಟ್ಟರೆ ಯಾವ ತಕರಾರೂ ಇಲ್ಲದೆ 240 ಎಂಬ ಸಂಖ್ಯೆ ಬರುತ್ತದೆ. ‘ಫ್ಲೋಟ್’ ಕೂಡ ‘೧೨.೫’ ಎಂಬುದನ್ನು ಹನ್ನೆರಡೂವರೆ ಎಂದೇ ಓದುತ್ತದೆ. ಅದೇ ಸ್ಟ್ರಿಂಗನ್ನು ರೂಬಿಯ ‘ಟು ಐ’ ವಿಧಾನಕ್ಕೆ ಕೊಟ್ಟರೆ ಸೊನ್ನೆ ಬರುತ್ತದೆ, ಪರ್ಲಿನಲ್ಲಿ ಕೂಡಿಸಿದರೂ ಸೊನ್ನೆಯೇ. ಎರರ್ ಬಂದರೆ ತಿದ್ದಿಕೊಳ್ಳಬಹುದು. ಸದ್ದಿಲ್ಲದೆ ಸೊನ್ನೆಯಾದ ಪುಟಸಂಖ್ಯೆ ಮಾತ್ರ ಪಟ್ಟಿಯೊಳಗೆ ಸೇರಿ ವರ್ಷಗಟ್ಟಲೆ ಅಲ್ಲೇ ಉಳಿದುಬಿಡುತ್ತದೆ.

ಪೈಥಾನ್ ಕೊಡುವ ಈ ಸೌಲಭ್ಯವನ್ನು ನಾವೇ ಕೆಡಿಸಿಕೊಳ್ಳುವ ದಾರಿಗಳೂ ಇವೆ. ಪ್ರತಿ ಅಕ್ಷರವೂ 0ಯಿಂದ 9ರೊಳಗಿದೆಯೇ ಎಂದು ಮೊದಲೇ ಪರೀಕ್ಷಿಸುವ ಸ್ಕ್ರಿಪ್ಟು ಕನ್ನಡ ಅಂಕಿಗಳನ್ನು ಬಾಗಿಲಲ್ಲೇ ತಡೆಯುತ್ತದೆ. ‘ಈಸ್ ಡಿಜಿಟ್’ ಎಂದು ಕೇಳಿದರೆ ಕನ್ನಡ ಅಂಕಿಗಳು ಒಳಗೆ ಬರುತ್ತವೆ, ಆದರೆ ವರ್ಗದ ಗುರುತಾದ ಮೇಲ್ಬರಹದ ಎರಡು (²) ಕೂಡ ಬಂದು, ‘ಇಂಟ್’ ಅದನ್ನು ತಿರಸ್ಕರಿಸುತ್ತದೆ. ಹಾಗಾಗಿ ಯಾವ ಪೂರ್ವಪರೀಕ್ಷೆಯೂ ಇಲ್ಲದೆ ನೇರವಾಗಿ ‘ಇಂಟ್’ ಮಾಡಿನೋಡಿ, ವ್ಯಾಲ್ಯೂ ಎರರ್ ಬಂದರೆ ಅದೇ ಪ್ರಶ್ನೆಯನ್ನು ಮತ್ತೆ ಕೇಳುವ ಲೂಪ್ ಬರೆದಿದ್ದೇನೆ. ‘1,250’ ಎಂದು ಅಲ್ಪವಿರಾಮ ಹಾಕಿ ಬೆಲೆ ಬರೆಯುವುದು ನಮ್ಮಲ್ಲಿ ಸಹಜವಾದರೂ ‘ಇಂಟ್’ ಅದನ್ನು ಒಪ್ಪುವುದಿಲ್ಲವಾದ್ದರಿಂದ, ಮೊದಲು ಅಲ್ಪವಿರಾಮಗಳನ್ನು ತೆಗೆಯುತ್ತೇನೆ. ಮತ್ತೆ ಕೇಳುವಾಗ ‘ತಪ್ಪು’ ಎಂದಷ್ಟೇ ಹೇಳದೆ, ‘ಪುಟಗಳ ಸಂಖ್ಯೆ ಬೇಕು, ಉದಾಹರಣೆಗೆ ೨೪೦ ಅಥವಾ 240’ ಎಂದು ತೋರಿಸುತ್ತದೆ. ಅದುವರೆಗೆ ಕೊಟ್ಟ ಶೀರ್ಷಿಕೆ, ಲೇಖಕರ ಹೆಸರುಗಳು ಹಾಗೆಯೇ ಉಳಿದಿರುತ್ತವೆ.

ಹೆಸರುಗಳಲ್ಲಿ ಕಣ್ಣಿಗೆ ಕಾಣದ ತೊಡಕೊಂದಿದೆ. ಕನ್ನಡ ಟೈಪ್ ಮಾಡುವಾಗ ‘ಕುಮಾರ್’ ಎಂಬಂಥ ಅರ್ಧಾಕ್ಷರದಿಂದ ಮುಗಿಯುವ ಪದದ ಕೊನೆಗೆ, ಅಗಲವೇ ಇಲ್ಲದ ವಿಭಜಕ ಚಿಹ್ನೆಯೊಂದು ಅನೇಕ ಸಲ ಸೇರಿಕೊಳ್ಳುತ್ತದೆ. ಯೂನಿಕೋಡಿನಲ್ಲಿ ಅದು 200ಸಿ. ಪರದೆಯ ಮೇಲೆ ಎರಡೂ ‘ಕುಮಾರ್’ಗಳು ಒಂದೇ ಆಗಿ ಕಂಡರೂ ಹೋಲಿಸಿದಾಗ ಬೇರೆ ಬೇರೆ, ಅಂಚಿನ ಖಾಲಿ ಜಾಗಗಳನ್ನು ತೆಗೆಯುವ ‘ಸ್ಟ್ರಿಪ್’ ಇದನ್ನು ಮುಟ್ಟುವುದಿಲ್ಲ. ಹಾಗೆಂದು ಎಲ್ಲ ಕಡೆಯೂ ಅಳಿಸುವಂತಿಲ್ಲ, ಏಕೆಂದರೆ ‘ರಾಜ್‌ಕುಮಾರ್’ ಎಂಬ ಪದದ ನಡುವಿನಿಂದ ತೆಗೆದರೆ ಜಕಾರಕ್ಕೆ ಕಕಾರದ ಒತ್ತು ಬಂದು ರೂಪವೇ ಬದಲಾಗುತ್ತದೆ. ಪದದ ಕೊನೆಯಲ್ಲಿದ್ದರೆ ತೆಗೆಯುವುದು, ನಡುವಿನಲ್ಲಿದ್ದರೆ ಉಳಿಸುವುದು ಎಂದು ತೀರ್ಮಾನಿಸಿದ್ದೇನೆ. ಇದರ ಜೊತೆಗೆ, ಒಂದೇ ಅಕ್ಷರದ ಬೇರೆ ಬೇರೆ ಸಂಕೇತರೂಪಗಳನ್ನು ಒಂದಾಗಿಸುವ ‘ಎನ್‌ಎಫ್‌ಸಿ’ ಸಮೀಕರಣವೂ ಬೇಕು. ಏತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎತ್ವ ಮತ್ತು ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದಾದ್ದರಿಂದ, ಸಮೀಕರಿಸದೆ ಹೋಲಿಸಿದರೆ ‘ಬೇಡ’ ಎಂಬ ಸ್ಪಷ್ಟವಾದ ಉತ್ತರವೂ ಸ್ಕ್ರಿಪ್ಟಿಗೆ ಅರ್ಥವಾಗದೆ ಹೋಗಬಹುದು.

‘ಉಳಿಸಬೇಕೇ?’ ಎಂಬುದಕ್ಕೆ ಬರಿಯ ಎಂಟರ್ ಒತ್ತಿದರೆ ಹೌದು ಎಂದೇ ಅರ್ಥ. ‘ಅಳಿಸಬೇಕೇ?’ ಎಂಬ ಪ್ರಶ್ನೆಗೆ ಹಾಗಲ್ಲ. ಅಲ್ಲಿ ‘ಹೌದು’ ಎಂದು ಪೂರ್ತಿ ಬರೆಯಲೇಬೇಕು.

ಸಂಜೆ ಉಳಿದದ್ದು, ಕೀಲಿಮಣೆಯ ಮುಂದೆ ಯಾರೂ ಇಲ್ಲದ ಸಂದರ್ಭ. ಉತ್ತರಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟು ಪೈಪಿನ ಮೂಲಕ, ಅಂದರೆ ಟೈಪ್ ಮಾಡಿದಂತೆಯೇ ಸ್ಕ್ರಿಪ್ಟಿಗೆ ಹರಿಸಿ, ಕೊಟ್ಟರೂ ‘ಇನ್‌ಪುಟ್’ ಓದಿಕೊಳ್ಳುತ್ತದೆ, ಪರೀಕ್ಷೆಗೆ ಇದು ತುಂಬ ಅನುಕೂಲ. ಆದರೆ ಫೈಲ್ ಮುಗಿದಾಗ ‘ಇಒಎಫ್ ಎರರ್’ ಬರುತ್ತದೆ, ಲಿನಕ್ಸ್‌ನಲ್ಲಿ ಖಾಲಿ ಸಾಲಿನಲ್ಲಿ ಕಂಟ್ರೋಲ್-ಡಿ ಒತ್ತಿದಾಗ ಬರುವುದೂ ಅದೇ. ಅದನ್ನು ಖಾಲಿ ಉತ್ತರವೆಂದು ತಿಳಿದು ಮತ್ತೆ ಕೇಳುತ್ತಾ ಹೋದರೆ ಲೂಪ್ ಎಂದೂ ನಿಲ್ಲುವುದಿಲ್ಲ, ಆದ್ದರಿಂದ ಮುಕ್ತಾಯವೆಂದೇ ಪರಿಗಣಿಸಿ ಹೊರಬರುತ್ತೇನೆ. ಮತ್ತೊಂದು ಸಂಗತಿ: ಪ್ರಶ್ನೆಯ ಪಠ್ಯವನ್ನು ‘ಇನ್‌ಪುಟ್’ ಮುದ್ರಿಸುವುದು ಸ್ಕ್ರಿಪ್ಟಿನ ಫಲಿತಾಂಶ ಹೊರಬರುವ ದಾರಿಯಾದ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ. ಪಟ್ಟಿಯನ್ನು ಪರದೆಯ ಬದಲು ಫೈಲಿಗೆ ತಿರುಗಿಸಿದಾಗ ಪ್ರಶ್ನೆಗಳೂ ಅದರೊಳಗೇ ಹೋಗಿ ಸೇರುತ್ತವೆ, ಬಳಕೆದಾರರ ಮುಂದೆ ಖಾಲಿ ಪರದೆ ಉಳಿಯುತ್ತದೆ. ಬ್ಯಾಷಿನ ‘ರೀಡ್’ ಇಲ್ಲಿ ಹೆಚ್ಚು ವಿವೇಕಿ. ‘ಪಿ’ ಆಯ್ಕೆಯ ಪ್ರಶ್ನೆಯನ್ನು ಎರರ್ ಸಂದೇಶಗಳಿಗಿರುವ ಪ್ರತ್ಯೇಕ ದಾರಿಯಾದ ಸ್ಟ್ಯಾಂಡರ್ಡ್ ಎರರ್‌ಗೆ ಬರೆಯುತ್ತದೆ, ಅದನ್ನೂ ಟರ್ಮಿನಲ್ಲಿನಿಂದ ಓದುತ್ತಿದ್ದಾಗ ಮಾತ್ರ. ಪಟ್ಟಿಯನ್ನು ಸ್ಕ್ರಿಪ್ಟೇ ನೇರವಾಗಿ ಫೈಲಿಗೆ ಬರೆಯುವಂತೆ ಮಾಡಿ ಈ ಗೊಂದಲವನ್ನು ತಪ್ಪಿಸಿದ್ದೇನೆ.

ಪ್ರತಿ ಪುಸ್ತಕದ ವಿವರ ಮುಗಿದೊಡನೆ ಅದು ಫೈಲಿಗೆ ಸೇರುವುದರಿಂದ, ನಡುವೆ ಕಂಟ್ರೋಲ್-ಸಿ ಒತ್ತಿ ಎದ್ದುಹೋದರೂ ನಷ್ಟವಾಗುವುದು ಅರ್ಧ ತುಂಬಿದ ಒಂದು ದಾಖಲೆ ಮಾತ್ರ. ಆಗ ಪೈಥಾನಿನ ಉದ್ದನೆಯ ಎರರ್ ಪಠ್ಯಕ್ಕೆ ಬದಲಾಗಿ, ಎಷ್ಟು ಪುಸ್ತಕಗಳು ದಾಖಲಾಗಿವೆ, ಕೊನೆಯದು ಯಾವುದು ಎಂದು ತಿಳಿಸಿ, ಯೂನಿಕ್ಸ್ ರೂಢಿಯಂತೆ 130 ಎಂಬ ನಿರ್ಗಮನ ಸಂಖ್ಯೆಯೊಂದಿಗೆ ಸ್ಕ್ರಿಪ್ಟು ನಿಲ್ಲುತ್ತದೆ. ನಾಳೆ ವಾಚನಾಲಯದ ಅಮ್ಮನವರೇ ಕುಳಿತು ದಾಖಲಿಸಲಿದ್ದಾರೆ; ಮೊದಲಿಗೆ ಕಾದಂಬರಿಗಳ ಕಪಾಟು.