ಮಗುವಿನ ನಿರ್ಲಕ್ಷ್ಯದ ಕೇಸು: ಸೆಕ್ಷನ್ 75ರಲ್ಲಿ ಏನು ಸಾಬೀತಾಗಬೇಕು

ಬಿಸಿನೀರು ಬಿದ್ದ ಮಗುವನ್ನು ಆಸ್ಪತ್ರೆಗೆ ಎತ್ತಿಕೊಂಡು ಓಡಿದ ತಂದೆತಾಯಿಯ ಮೇಲೆಯೇ ಕೇಸು ಬೀಳುವುದುಂಟು. ಹಾಗಾದಾಗ ಮೊದಲು ಎಫ್‌ಐಆರ್ ಪ್ರತಿ ಪಡೆದು ಯಾವ ಸೆಕ್ಷನ್ ಹಾಕಿದ್ದಾರೆ ನೋಡಿ. ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 75 ಆಗಿದ್ದರೆ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಯ ಸಿಬ್ಬಂದಿಗೆ ಇದು 5 ವರ್ಷ, 5 ಲಕ್ಷದವರೆಗೂ ಹೋಗುತ್ತದೆ. 12 ವರ್ಷದೊಳಗಿನ ಮಗುವನ್ನು ಬಿಟ್ಟುಹೋದ ಆರೋಪವಾದರೆ ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿಯ ಜಾಗಕ್ಕೆ ಬಂದ ಕಾಯ್ದೆ) ಸೆಕ್ಷನ್ 93 ಬರುತ್ತದೆ, 7 ವರ್ಷದವರೆಗೆ ಶಿಕ್ಷೆ. ಆದರೆ ಅಲ್ಲಿ ಮಗುವನ್ನು ಪೂರ್ತಿಯಾಗಿ ತೊರೆಯುವ ಉದ್ದೇಶ ತೋರಿಸಬೇಕು. ಅರ್ಧ ಗಂಟೆ ಅಂಗಡಿಗೆ ಹೋಗಿಬಂದದ್ದು ಆ ಲೆಕ್ಕಕ್ಕೆ ಬರುವುದಿಲ್ಲ.

ಸೆಕ್ಷನ್ 75ರಲ್ಲಿ ನೋಡಬೇಕಾದ್ದು ಮೂರು. ಆ ಹೊತ್ತಿಗೆ ಮಗು ನಿಜಕ್ಕೂ ನಿಮ್ಮ ವಶದಲ್ಲಿತ್ತೇ? ನಿರ್ಲಕ್ಷ್ಯ ಎನ್ನುವುದಾದರೆ ಅದು ಬೇಕೆಂದೇ ಮಾಡಿದ್ದೇ? ಅದರಿಂದ ಮಗುವಿಗೆ ಅನಗತ್ಯ ನೋವಾಗುವ ಸಂಭವವಿತ್ತೇ? ಗಾಯವೇ ಆಗಿಲ್ಲ ಎಂದರೆ ಕೇಸು ಬಿದ್ದುಹೋಗುತ್ತದೆ ಎಂದುಕೊಳ್ಳಬೇಡಿ, ಸಂಭವವಿದ್ದರೂ ಸಾಕು. ಕೇಸು ನಿಲ್ಲುವುದೂ ಬೀಳುವುದೂ ಹೆಚ್ಚಾಗಿ ಎರಡನೇ ಪ್ರಶ್ನೆಯ ಮೇಲೆ. ಕೈತಪ್ಪಿ ಆದದ್ದು ಬೇರೆ, ಗೊತ್ತಿದ್ದೂ ಬಿಟ್ಟದ್ದು ಬೇರೆ. ಕೈಮೀರಿದ ಪರಿಸ್ಥಿತಿಯಲ್ಲಿ ಹೆತ್ತವರು ಮಗುವನ್ನು ಬಿಟ್ಟಿದ್ದರೆ ಅದು ಬೇಕೆಂದೇ ಮಾಡಿದ್ದಲ್ಲ ಎಂದು ಕಾಯ್ದೆಯೇ ಭಾವಿಸುತ್ತದೆ.

ಈ ವ್ಯತ್ಯಾಸ ಹೊರಬರುವುದು ಸಮಯದ ದಾಖಲೆಯಲ್ಲಿ. 10.40ಕ್ಕೆ ನೀರು ಬಿತ್ತು, 10.45ಕ್ಕೆ ತಣ್ಣೀರು ಸುರಿದದ್ದು, 11.15ಕ್ಕೆ ಆಸ್ಪತ್ರೆಯ ಚೀಟಿ. ಇಷ್ಟನ್ನು ಅದೇ ದಿನ, ಯಾರು ಜೊತೆಗಿದ್ದರು ಎಂಬುದರ ಸಮೇತ ಬರೆದು ವಕೀಲರ ಕೈಗೆ ಕೊಡಿ. ವೈದ್ಯರು ಕೇಸ್ ಶೀಟಿನಲ್ಲಿ ಗಾಯ ಹೇಗಾಯಿತೆಂದು ಬರೆದಿರುತ್ತಾರೆ. ಅಲ್ಲಿ ‘ಜಾರಿ ಬಿದ್ದ’ ಎಂದಿದ್ದು, ಸ್ಟೇಷನ್ನಿನಲ್ಲಿ ‘ಪಾತ್ರೆ ಎಳೆದ’ ಎಂದರೆ ಪಾಟೀಸವಾಲಿನಲ್ಲಿ (ಎದುರು ಪಕ್ಷದ ವಕೀಲರು ಕೋರ್ಟಿನಲ್ಲಿ ಪ್ರಶ್ನಿಸುವಾಗ) ಆ ಎರಡು ಮಾತನ್ನೇ ಹಿಡಿಯುತ್ತಾರೆ. ಆ ಶೀಟಿನ ಪ್ರತಿ ಇಲ್ಲದೆ ಬಾಯಿ ಬಿಡಬಾರದು. ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ಅಳಿದುಹೋಗಬಹುದು, ಉಳಿಸಿಡಿ ಎಂದು ಕ್ಯಾಮೆರಾ ಇಟ್ಟವರಿಗೆ ಕೂಡಲೇ ಬರೆದುಕೊಡಿ.

ಪೊಲೀಸರು ಲಿಖಿತ ನೋಟಿಸು ಕೊಟ್ಟು ಕರೆದರೆ ಅದನ್ನು ಕಡೆಗಣಿಸಬಾರದು. ಆದರೆ ನಿಮ್ಮನ್ನೇ ಸಿಕ್ಕಿಸುವ ಪ್ರಶ್ನೆಗೆ ಉತ್ತರಿಸದಿರುವ ಹಕ್ಕನ್ನು ಸಂವಿಧಾನದ 20(3)ನೇ ವಿಧಿ ಕೊಟ್ಟಿದೆ. ತನಿಖೆಯಲ್ಲಿ ಬರೆದುಕೊಂಡ ಹೇಳಿಕೆಗೆ ನೀವು ಸಹಿ ಹಾಕುವಂತಿಲ್ಲ. ಬಂಧನದ ಭಯವಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಕಾಯ್ದೆ) ಸೆಕ್ಷನ್ 482ರಡಿ ನಿರೀಕ್ಷಣಾ ಜಾಮೀನು ಕೇಳಬಹುದು.

ದಯವಿಟ್ಟು ಮಗುವಿಗೆ ಮಾತು ಹೇಳಿಕೊಡಬೇಡಿ. ‘ಹೀಗೆ ಹೇಳು ಪುಟ್ಟ’ ಎಂದದ್ದನ್ನು ಮಗು ಸಮಾಲೋಚಕರ ಮುಂದೆ ಹಾಗೆಯೇ ಒಪ್ಪಿಸುತ್ತದೆ, ಆಮೇಲೆ ನಿಜವನ್ನೂ ಯಾರೂ ನಂಬುವುದಿಲ್ಲ. ವಾಟ್ಸಾಪ್ ಅಳಿಸುವುದೂ ಅಷ್ಟೇ ಕೆಟ್ಟದ್ದು.

ಮಕ್ಕಳ ಕಲ್ಯಾಣ ಸಮಿತಿಯ ವಿಚಾರಣೆ ಬೇರೆಯೇ. ಅದು ಶಿಕ್ಷೆ ಕೊಡುವ ಜಾಗವಲ್ಲ, ಮಗು ಎಲ್ಲಿರಬೇಕು ಎಂದು ತೀರ್ಮಾನಿಸುವ ಜಾಗ. ಮಗುವಿನ ಮನೆಯ ಸ್ಥಿತಿಗತಿ ನೋಡಿ ಬರೆಯುವ ಸಾಮಾಜಿಕ ತನಿಖಾ ವರದಿ 15 ದಿನದಲ್ಲಿ ಮುಗಿಯಬೇಕು. ವರದಿಗೆ ಮನೆಗೆ ಬರುವವರಿಗೆ ಲಸಿಕೆ ಕಾರ್ಡು, ಶಾಲೆಯ ಹಾಜರಿ, ಹಳೆಯ ಚಿಕಿತ್ಸೆಯ ಚೀಟಿಗಳನ್ನು ತೋರಿಸಿ. ಸಮಿತಿಯ ಆದೇಶ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ 30 ದಿನವಿದೆ. ವಕೀಲರಿಗೆ ದುಡ್ಡಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಹಾಕಬಹುದು. ಹೆಂಗಸರಿಗೆ ಅಲ್ಲಿ ಆದಾಯದ ಮಿತಿಯೇ ಇಲ್ಲ.