ನೃತ್ಯಕೃತಿಯ ಹಿಂದಿನವರು ಯಾವ ವಾರ ತಾಲೀಮಿಗೆ ಬರಬೇಕು

ಸಮಕಾಲೀನ ನೃತ್ಯ ಪ್ರದರ್ಶನದ ಕರಪತ್ರ ಬಿಡಿಸಿದರೆ ಹೆಸರುಗಳ ಸಾಲು ಉದ್ದವಾಗಿಯೇ ಇರುತ್ತದೆ. ನೃತ್ಯ ಸಂಯೋಜನೆ, ಸಂಗೀತ, ಬೆಳಕು, ವಸ್ತ್ರ, ರಂಗಸಜ್ಜಿಕೆ, ಡ್ರಾಮಟರ್ಗ್ (ಕೃತಿಯನ್ನು ಹೊರಗಣ್ಣಿನಿಂದ ನೋಡಿ ಸಲಹೆ ಕೊಡುವವರು), ತಾಲೀಮು ನಿರ್ದೇಶನ, ಸ್ಟೇಜ್ ಮ್ಯಾನೇಜರ್, ನಿರ್ಮಾಣ. ಯಾರು ಏನು ಮಾಡಿದರು ಎಂಬುದು ಅದರಿಂದ ತಿಳಿಯುತ್ತದೆ, ಯಾರು ಯಾವಾಗ ಬಂದರು ಎಂಬುದು ತಿಳಿಯುವುದಿಲ್ಲ. ಕೃತಿಯ ಹಣೆಬರಹ ಬರೆಯುವುದು ಮಾತ್ರ ಹೆಚ್ಚಿನ ಸಲ ಈ ಎರಡನೆಯ ಸಂಗತಿಯೇ. ಎಂಥ ಪ್ರತಿಭಾವಂತ ಬೆಳಕಿನ ವಿನ್ಯಾಸಕಿಯನ್ನಾದರೂ ಕೊನೆಯ ವಾರ ಕರೆಸಿದರೆ, ಆಗಲೇ ಮುಗಿದುಹೋಗಿರುವುದನ್ನು ಕಣ್ಣಿಗೆ ಕಾಣಿಸುವಷ್ಟು ಕೆಲಸ ಮಾತ್ರ ಆಕೆಗೆ ಉಳಿದಿರುತ್ತದೆ.

ಈ ಮಾತಿಗೆ ಅಪವಾದವೆಂದು ಎಲ್ಲರೂ ಅಮೆರಿಕದ ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಮ್ ಹೆಸರು ತೆಗೆಯುತ್ತಾರೆ. 1953ರಲ್ಲಿ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ಶುರುವಾದ ಅವರ ತಂಡದಲ್ಲಿ ಜಾನ್ ಕೇಜ್ ಸಂಗೀತ ನೋಡಿಕೊಂಡರು. ರಾಬರ್ಟ್ ರೌಶೆನ್‌ಬರ್ಗ್ ರಂಗಸಜ್ಜಿಕೆ ಮತ್ತು ವಸ್ತ್ರ ಮಾಡಿದರು, ಅವರ ನಂತರ ಜ್ಯಾಸ್ಪರ್ ಜಾನ್ಸ್ ಬಂದರು. ಅವರವರ ಕೆಲಸ ಅವರವರ ಪಾಡಿಗೆ ನಡೆದು, ಸಂಗೀತವೂ ನೃತ್ಯವೂ ಎದುರುಬದುರಾಗುತ್ತಿದ್ದದ್ದು ಹಲವು ಸಲ ಮೊದಲ ಪ್ರದರ್ಶನದ ದಿನವೇ. 1968ರ ‘ರೇನ್‌ಫಾರೆಸ್ಟ್’ನಲ್ಲಿ ಆ್ಯಂಡಿ ವಾರ್ಹೋಲ್ ಕೊಟ್ಟ ಹೀಲಿಯಂ ತುಂಬಿದ ಬೆಳ್ಳಿಬಣ್ಣದ ದಿಂಬುಗಳು ಯಾವ ರಾತ್ರಿ ಎತ್ತ ತೇಲುತ್ತವೆ ಎಂದು ಯಾರೂ ಹೇಳುವಂತಿರಲಿಲ್ಲ. ಹಾಗೆಂದು ಅಲ್ಲಿ ಒಪ್ಪಂದವೇ ಇರಲಿಲ್ಲ ಎಂದುಕೊಂಡರೆ ತಪ್ಪು. ಅವಧಿ ಎಲ್ಲರಿಗೂ ಮೊದಲೇ ಗೊತ್ತಿರುತ್ತಿತ್ತು. ನರ್ತಕರ ತಾಲೀಮು ಸ್ಟಾಪ್‌ವಾಚ್ ಮೇಲೆ ನಡೆಯುತ್ತಿತ್ತು, ಸಂಗೀತದ ಆಸರೆಯಿಲ್ಲದೆ ಕಾಲವನ್ನು ಮೈಯಲ್ಲೇ ಹಿಡಿದಿಡಲು ಅವರು ಪಳಗಿದ್ದರು. ಇವತ್ತಿನ ಅನೇಕ ತಂಡಗಳು ಆ ಮಾದರಿಯ ಸ್ವಾತಂತ್ರ್ಯವನ್ನು ಮಾತ್ರ ಎತ್ತಿಕೊಂಡು ಸ್ಟಾಪ್‌ವಾಚನ್ನು ಅಲ್ಲೇ ಬಿಟ್ಟು ಬರುತ್ತವೆ.

ಎದುರು ತುದಿಯಲ್ಲಿ ನಿಲ್ಲುವವರು ಜರ್ಮನಿಯ ನೃತ್ಯ ಸಂಯೋಜಕಿ ಪೀನಾ ಬೌಷ್. 1975ರ ‘ರೈಟ್ ಆಫ್ ಸ್ಪ್ರಿಂಗ್’ಗೆ ರೋಲ್ಫ್ ಬೋರ್ಜಿಕ್ ಇಡೀ ರಂಗದ ಮೇಲೆ ಪೀಟ್ ಎಂಬ ಜೌಗು ನೆಲದ ಮಣ್ಣು ಹಾಸಿದರು. ಆ ಮಣ್ಣನ್ನು ಹಿನ್ನೆಲೆಯ ಅಲಂಕಾರ ಎನ್ನಲಾಗದು. ಕಾಲು ಹೂತು ಜಿಗಿತದ ಎತ್ತರ ತಗ್ಗುತ್ತದೆ, ಬೆವರಿಗೆ ಮಣ್ಣು ಮೆತ್ತಿ ಉಡುಪಿನ ಬಣ್ಣ ಬದಲಾಗುತ್ತದೆ, ಉಸಿರು ಬೇಗ ಏರುತ್ತದೆ. ಮಣ್ಣು ಒಣಗಿದ್ದರೆ ದೂಳೆದ್ದು ಕಣ್ಣಿಗೂ ಗಂಟಲಿಗೂ ಹೋಗುತ್ತದೆ, ನೀರು ಹೆಚ್ಚಾದರೆ ಜಾರುತ್ತದೆ. ಬರಿಯ ನೆಲದ ಮೇಲೆ ಕಲಿತ ಓಟ ಇಂಥ ಕಡೆ ಒಂದೆರಡು ಕೌಂಟ್ (ಎಣಿಕೆ) ತಡವಾಗಿಯೇ ಮುಟ್ಟುವುದು. ನರ್ತಕರು ಮುಟ್ಟುವ, ತುಳಿಯುವ, ಎತ್ತುವ ಯಾವ ವಸ್ತುವಾದರೂ ತಾಲೀಮಿನ ಮೊದಲ ಮೂರನೇ ಒಂದು ಭಾಗದೊಳಗೆ ಕೋಣೆಗೆ ಬಂದಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ನಿಜವಾದದ್ದು ತಯಾರಾಗಿಲ್ಲದಿದ್ದರೆ ಅದೇ ಎತ್ತರ, ಅದೇ ತೂಕದ ಕಚ್ಚಾ ಮಾದರಿ ಸಾಕು. ರಟ್ಟಿನ ಪೆಟ್ಟಿಗೆ ಮಾತ್ರ ಬೇಡ. ಎರಡು ಕಿಲೋ ರಟ್ಟಿನಲ್ಲಿ ಕಲಿತ ಎತ್ತುವಿಕೆ ಹದಿನೈದು ಕಿಲೋ ಮರದ ಬೆಂಚಿಗೆ ಕೆಲಸಕ್ಕೆ ಬರುವುದಿಲ್ಲ, ಸೊಂಟ ಹಿಡಿಯುತ್ತದೆ.

ಸಂಗೀತದ್ದು ಬೇರೆಯೇ ತಕರಾರು. ಸಂಯೋಜಕರು ವಾರಕ್ಕೊಂದು ಹೊಸ ಆವೃತ್ತಿ ಕಳಿಸುತ್ತಾರೆ, ನರ್ತಕರ ಮೈಯೊಳಗೆ ಮೂರು ವಾರ ಹಿಂದಿನದು ಕೂತಿರುತ್ತದೆ. ಯಾವುದೋ ಒಂದು ಕಡೆ ಕಿವಿಗೆ ಉದ್ದವೆನಿಸಿತೆಂದು ನಾಲ್ಕು ಬಾರ್ (ತಾಳದ ಆವರ್ತ) ಕತ್ತರಿಸಿದರೆ ಅದರ ಮುಂದಿನದೆಲ್ಲ ಜರುಗಿತು. ಅದಕ್ಕೇ ಉದ್ದವನ್ನು ಬೀಗ ಹಾಕುವ ದಿನವೊಂದನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು, ಪ್ರದರ್ಶನಕ್ಕೆ ಮೂರು ವಾರ ಮೊದಲಾದರೆ ಒಳ್ಳೆಯದು. ಅಲ್ಲಿಂದಾಚೆಗೆ ಮಿಕ್ಸ್ ಬದಲಾಗಬಹುದು, ವಾದ್ಯ ಬದಲಾಗಬಹುದು, ಸೆಕೆಂಡು ಬದಲಾಗಬಾರದು. ಕಡತದ ಹೆಸರಿನಲ್ಲಿ ತಾರೀಖು ಇರಲಿ. ‘ಫೈನಲ್’, ‘ಫೈನಲ್ ಹೊಸದು’ ಎಂಬ ಹೆಸರುಗಳಿಂದ ಆದ ಅನಾಹುತ ಈ ಕ್ಷೇತ್ರದಲ್ಲಿ ಸಣ್ಣದಲ್ಲ.

ಎಣಿಕೆಯ ಗೊಂದಲವೂ ಇಲ್ಲೇ ಹುಟ್ಟುವುದು. ನರ್ತಕರು ಸಾಮಾನ್ಯವಾಗಿ ಎಂಟರ ಲೆಕ್ಕದಲ್ಲಿ ಎಣಿಸುತ್ತಾರೆ. ಸಂಗೀತ ಏಳರ ಆವರ್ತದಲ್ಲಿದ್ದರೆ ಎರಡೂ ಮತ್ತೆ ಒಟ್ಟಿಗೆ ಬಂದು ಬೀಳುವುದು 56 ಮಾತ್ರೆ ಮುಗಿದ ಮೇಲೆ. ಆ ಜಗ್ಗಾಟವೇ ಬೇಕೆಂದಿದ್ದರೆ ಸರಿ. ಬೇಡವೆಂದಿದ್ದರೆ ಸಂಗೀತ ಸಂಯೋಜಕರು ಒಂದು ದಿನ ತಾಲೀಮಿನಲ್ಲಿ ಕೂತು, ನರ್ತಕರು ಬಾಯಲ್ಲಿ ಏನು ಎಣಿಸುತ್ತಿದ್ದಾರೆ ಎಂದು ಕೇಳಿಸಿಕೊಳ್ಳಬೇಕು. ಬರೆದ ಸ್ವರಲಿಪಿಗೂ ಕೋಣೆಯಲ್ಲಿ ನಡೆಯುತ್ತಿರುವ ಎಣಿಕೆಗೂ ಸಂಬಂಧವೇ ಇರುವುದಿಲ್ಲ ಎಷ್ಟೋ ಸಲ.

ತಾಲೀಮು ಕೋಣೆಯ ಪುಟ್ಟ ಸ್ಪೀಕರಿನಲ್ಲಿ ತಳದ ಬೇಸ್ ಕೇಳುವುದೇ ಇಲ್ಲ. ರಂಗಮಂದಿರದಲ್ಲಿ ಅದು ಧುತ್ತೆಂದು ಎದ್ದು, ನರ್ತಕರು ಗುರುತಿಗಿಟ್ಟುಕೊಂಡಿದ್ದ ಸಣ್ಣ ಟಕ್ ಸದ್ದನ್ನು ನುಂಗಿಹಾಕುತ್ತದೆ. ಇನ್ನೊಂದು ಸಂಗತಿ ದೂರದ್ದು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಸ್ಪೀಕರುಗಳೆಲ್ಲ ರಂಗದ ಮುಂಚೂಣಿಯಲ್ಲಿದ್ದು ನರ್ತಕಿ 12 ಮೀಟರ್ ಹಿಂದೆ ನಿಂತಿದ್ದರೆ ಆಕೆಗೆ 35 ಮಿಲಿಸೆಕೆಂಡ್ ತಡವಾಗಿ ಕೇಳುತ್ತದೆ, ಗೋಡೆಗೆ ಬಡಿದು ಬಂದದ್ದು ಇನ್ನೂ ತಡ. ಮುಂದಿನ ಸಾಲು ಹಿಂದಿನ ಸಾಲು ಒಟ್ಟಿಗೆ ಬೀಳದಿರಲು ಇದೂ ಒಂದು ಕಾರಣ. ಪಕ್ಕದ ವಿಂಗ್‌ಗಳಲ್ಲಿ (ರಂಗದ ಇಕ್ಕೆಲದ ಮರೆಗಳಲ್ಲಿ) ಒಳಮುಖವಾಗಿ ಮಾನಿಟರ್ ಸ್ಪೀಕರ್ ಇಟ್ಟರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಬೆಳಕಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ನಾಟಕದಲ್ಲಿ ಮುಖ ಕಾಣಬೇಕು, ಹಾಗಾಗಿ ಮುಂದಿನಿಂದ ಬೆಳಕು. ನೃತ್ಯದಲ್ಲಿ ಮೈಯ ಗಾತ್ರ ಕಾಣಬೇಕು, ಹಾಗಾಗಿ ಪಕ್ಕದಿಂದ. ಅಮೆರಿಕದ ನರ್ತಕಿ, ನೃತ್ಯ ಸಂಯೋಜಕಿ ಮಾರ್ತಾ ಗ್ರಹಾಮ್ ಜೊತೆ ದಶಕಗಳ ಕಾಲ ಕೆಲಸ ಮಾಡಿದ ಬೆಳಕಿನ ವಿನ್ಯಾಸಕಿ ಜೀನ್ ರೋಸೆಂಥಾಲ್ ನೃತ್ಯದ ಬೆಳಕಿಗೆ ಹಾಕಿಕೊಟ್ಟ ಕ್ರಮ ಈಗಲೂ ಚಾಲ್ತಿಯಲ್ಲಿದೆ. ಪ್ರತಿ ವಿಂಗ್‌ನಲ್ಲಿ ಒಂದು ಕಂಬ, ಅದರ ಮೇಲೆ ಮೊಣಕಾಲಿನ ಕೆಳಗೆ ಒಂದು ದೀಪ, ಸೊಂಟದಿಂದ ಎದೆಯ ಮಟ್ಟಕ್ಕೆ ಒಂದು, ತಲೆಗಿಂತ ಮೇಲೆ ಒಂದು. ಕೆಳಗಿನ ದೀಪದ ಶಟರ್ ತಗಡಿನಿಂದ ಬೆಳಕನ್ನು ನೆಲಕ್ಕೆ ತಾಗದಂತೆ ಕತ್ತರಿಸಿದರೆ ಮೈ ಮಾತ್ರ ಹೊಳೆದು ನೆಲ ಕತ್ತಲಾಗುತ್ತದೆ, ನರ್ತಕ ತೇಲುತ್ತಿರುವಂತೆ ಕಾಣುತ್ತಾನೆ. ಒಂದು ಅಂಗೈಯಷ್ಟು ತಪ್ಪಿದರೂ ನೆಲದ ಮೇಲೆ ಬೆಳಕಿನ ಪಟ್ಟೆ ಎಳೆದುಕೊಂಡು ಮಾಯೆಯೆಲ್ಲ ಹಾರಿಹೋಗುತ್ತದೆ.

ಕೆಡುವುದು ಹೇಗೆ? ದೀಪದ ಕಂಬವೂ ನರ್ತಕರೂ ಒಂದೇ ವಿಂಗ್ ಬಳಸುತ್ತಾರೆ. ಓಡಿ ಹೊರಬರುವವರಿಗೆ ಕಬ್ಬಿಣದ ಕಂಬ ಅಡ್ಡ. ಯಾವ ಕೌಂಟಿಗೆ ಯಾರು ಯಾವ ವಿಂಗ್‌ನಿಂದ ಒಳಗೆ, ಯಾವುದರಿಂದ ಹೊರಗೆ ಎಂಬ ಪಟ್ಟಿ ಬೆಳಕಿನ ವಿನ್ಯಾಸಕರ ಕೈಗೆ ಮೂರು ವಾರ ಮುಂಚೆ ಸಿಕ್ಕರೆ ಓಟದ ದಾರಿ ಬಿಟ್ಟು ಕಂಬ ನಿಲ್ಲಿಸುತ್ತಾರೆ. ಪಟ್ಟಿಯ ಜೊತೆ ಒಂದು ವಿಡಿಯೊ ಬೇಕು: ನೇರ ಮುಂದಿನಿಂದ, ಇಡೀ ರಂಗ ಹಿಡಿಸುವಂತೆ, ಕ್ಯಾಮೆರಾ ಅಲುಗಾಡಿಸದೆ. ಮುಖಗಳ ಹತ್ತಿರಕ್ಕೆ ಹೋಗಿ ಬರುವ ಚಂದದ ವಿಡಿಯೊ ಪ್ರಚಾರಕ್ಕೆ ಸರಿ, ಬೆಳಕಿನವರಿಗೆ ಅದು ನಿರುಪಯೋಗಿ. ಕಂಬಗಳ ಬುಡಕ್ಕೆ ಬಿಳಿ ಟೇಪ್, ಮೊಣಕಾಲೆತ್ತರಕ್ಕೆ ಸ್ಪಂಜು ಸುತ್ತುವುದು ಐದು ನಿಮಿಷದ ಕೆಲಸ. ಅದನ್ನು ಮರೆತ ರಾತ್ರಿಯೇ ಯಾರಿಗಾದರೂ ಏಟು ಬೀಳುವುದು.

ಎರಡೂ ಪಕ್ಕದಿಂದ ಬೆಳಕು ಕಣ್ಣಿಗೆ ಹೊಡೆಯುತ್ತಿದ್ದು ಎದುರಿಗೆ ಸಭಾಂಗಣ ಕಗ್ಗತ್ತಲಾಗಿದ್ದರೆ ಸುತ್ತು ಹಾಕುವವರಿಗೆ ಮುಂದೆ ಯಾವುದೆಂದೇ ತಿಳಿಯದು. ಸಭಾಂಗಣದ ಹಿಂಗೋಡೆಯ ನಟ್ಟನಡುವೆ, ಪ್ರೇಕ್ಷಕರ ತಲೆಯ ಮೇಲಿನ ಮಟ್ಟದಲ್ಲಿ, ಒಂದು ಚಿಕ್ಕ ದೀಪ ಹಚ್ಚಿಡಬೇಕು. ಇದನ್ನು ಕೇಳುವ ಹೊಣೆ ತಾಲೀಮು ನಿರ್ದೇಶಕರದು.

ಭಾರತದಲ್ಲಿ ಈ ಬಗೆಯ ದೀರ್ಘ ಜೊತೆಗಾರಿಕೆಗೆ ನೃತ್ಯ ಸಂಯೋಜಕಿ ಚಂದ್ರಲೇಖಾ ಮತ್ತು ಅವರ ಬೆಳಕಿನ ವಿನ್ಯಾಸಕ ಸದಾನಂದ ಮೆನನ್ ಅವರನ್ನು ನೆನೆಯಬಹುದು. ‘ಆಂಗಿಕ’ (1985) ಬಂದ ಕಾಲದಿಂದ ‘ಶರೀರ’ದವರೆಗೆ ಆ ಕೃತಿಗಳ ನಿಧಾನಗತಿಯನ್ನು ಬೆಳಕಿನಿಂದ ಬೇರ್ಪಡಿಸಿ ಯೋಚಿಸಲಾಗದು. ವರ್ಷಗಳ ಒಡನಾಟ ಇದ್ದಲ್ಲಿ ಯಾವ ವಾರ ಕರೆಸಬೇಕು ಎಂಬ ಪ್ರಶ್ನೆಯೇ ಏಳುವುದಿಲ್ಲ.

ವಸ್ತ್ರ ವಿನ್ಯಾಸಕರಿಗೆ ಚಿತ್ರ ಬಿಡಿಸುವುದಕ್ಕಿಂತ ಮುಂಚೆ ನಾಲ್ಕು ಚಲನೆ ತೋರಿಸಬೇಕು: ಎರಡೂ ಕೈ ಮೇಲೆತ್ತುವುದು, ಆಳವಾಗಿ ಕಾಲು ಚಾಚಿ ಕೂರುವುದು, ನೆಲದ ಮೇಲೆ ಉರುಳುವುದು, ಒಬ್ಬರು ಇನ್ನೊಬ್ಬರನ್ನು ಎತ್ತುವುದು. ಕೈ ಎತ್ತಿದಾಗ ಇಡೀ ಅಂಗಿ ಮೇಲೇರಿದರೆ ಕಂಕುಳಲ್ಲಿ ಚೌಕದ ತುಂಡು ಸೇರಿಸಬೇಕು. ಬೆನ್ನ ಮೇಲಿನ ಜಿಪ್ ಉರುಳುವಾಗ ಬೆನ್ನುಮೂಳೆಗೆ ಒತ್ತುತ್ತದೆ, ಅದನ್ನು ಪಕ್ಕಕ್ಕೆ ತರಬೇಕು. ರೇಷ್ಮೆಯಂಥ ನುಣುಪು ಬಟ್ಟೆ ದೀಪದಡಿ ಸೊಗಸು, ಎತ್ತುವವರ ಕೈಗೆ ಅಪಾಯ. ಬೆವರಿನ ಕಲೆ ತಿಳಿ ಬೂದು ಬಣ್ಣದಲ್ಲಿ ಎದ್ದು ಕಾಣುವಷ್ಟು ಕಪ್ಪಿನಲ್ಲೂ ಬಿಳಿಯಲ್ಲೂ ಕಾಣುವುದಿಲ್ಲ. ಕತ್ತರಿಸುವ ಮುನ್ನ ಬಟ್ಟೆಯನ್ನು ಎರಡು ಸಲ ಒಗೆದರೆ ಕುಗ್ಗುವುದೆಲ್ಲ ಮೊದಲೇ ಕುಗ್ಗಿರುತ್ತದೆ. ಮಂಡಿ ಪ್ಯಾಡ್ ಹಾಕುವುದಾದರೆ ಅದನ್ನು ಹಾಕಿಸಿಯೇ ಅಳತೆ ತೆಗೆಯಬೇಕು. ಬಣ್ಣ ಗಟ್ಟಿ ಮಾಡುವ ಮೊದಲು ಬಟ್ಟೆಯ ತುಂಡನ್ನು ಬೆಳಕಿನವರು ಬಳಸಲಿರುವ ಜೆಲ್ (ದೀಪದ ಮುಂದಿನ ಬಣ್ಣದ ಹಾಳೆ) ಅಡಿಯಲ್ಲೇ ನೋಡಿ. ಹಸಿರುನೀಲಿ ಬೆಳಕಿನಲ್ಲಿ ಕೆಂಪು ಸತ್ತು ಕರಿಕಂದಾಗುತ್ತದೆ. ಉಡುಪು ತೊಟ್ಟು ಪೂರ್ತಿ ಕುಣಿಯುವ ಮೊದಲ ದಿನ ಡ್ರೆಸ್ ರಿಹರ್ಸಲ್ ಆಗಿದ್ದರೆ ಇದ್ಯಾವುದನ್ನೂ ತಿದ್ದಲು ಸಮಯವಿರುವುದಿಲ್ಲ, ಎರಡು ವಾರವಾದರೂ ಮುಂಚೆ ಆಗಬೇಕು. ಮೇಲೆ ಹೇಳಿದ ‘ರೇನ್‌ಫಾರೆಸ್ಟ್’ನಲ್ಲಿ ಜ್ಯಾಸ್ಪರ್ ಜಾನ್ಸ್ ಮೈಬಣ್ಣದ ಬಿಗಿಯುಡುಪನ್ನು ಬ್ಲೇಡಿನಿಂದ ಅಲ್ಲಲ್ಲಿ ಹರಿದರು. ಎಲ್ಲಿ ಹರಿದರೆ ಚಲನೆಗೆ ಅಡ್ಡಿಯಿಲ್ಲ ಎಂಬುದನ್ನು ಮೈ ನೋಡಿಯೇ ತೀರ್ಮಾನಿಸಬೇಕು, ಕಾಗದದ ಮೇಲೆ ಆಗದು.

ರಂಗಸಜ್ಜಿಕೆಯಲ್ಲಿ ಕಡಿಮೆ ಇದ್ದಷ್ಟೂ ಲೇಸು ಎನ್ನುವ ಪಕ್ಷ ನಮ್ಮದು. ಶಿಲ್ಪಿ ಇಸಾಮು ನೊಗುಚಿ 1935ರಲ್ಲಿ ಗ್ರಹಾಮ್ ಅವರ ‘ಫ್ರಾಂಟಿಯರ್’ಗೆ ಕೊಟ್ಟದ್ದು ಒಂದು ತುಂಡು ಬೇಲಿ, ಅದರ ಹಿಂದಿನಿಂದ ಎರಡು ಮೂಲೆಗೆ ಏರಿಹೋಗುವ ಹಗ್ಗ. ಅಷ್ಟರಲ್ಲೇ ಬಯಲು ಕಂಡಿತು, ನೆಲವೆಲ್ಲ ನರ್ತಕಿಗೇ ಉಳಿಯಿತು.

ನೆಲ ಎಂದಾಗ ನೆನಪಾದದ್ದು. ವಿನೈಲ್ ಹಾಸಿನ ಸುರುಳಿಗಳನ್ನು ಹಿಂದಿನ ದಿನವೇ ಬಿಚ್ಚಿ ಹರಡಬೇಕು, ಸುಕ್ಕು ತಾನಾಗಿ ಇಳಿಯುತ್ತದೆ. ಆತುರದಲ್ಲಿ ಎಳೆದು ಟೇಪ್ ಹಚ್ಚಿದರೆ ದೀಪದ ಕಾವಿಗೆ ಹಿಗ್ಗಿ ಜೋಡಣೆಯಲ್ಲಿ ಉಬ್ಬುತ್ತದೆ, ಬೆರಳು ಸಿಕ್ಕಿಕೊಳ್ಳುವುದು ಅಲ್ಲಿಯೇ. ಒರೆಸಲು ಬರಿಯ ನೀರು ಸಾಕು, ಸೋಪಿನ ಪದರ ಉಳಿದರೆ ಜಾರುತ್ತದೆ. ವಿನೈಲ್ ಮೇಲೆ ರಾಳದ ಪುಡಿ ಬೇಡ, ಒಂದು ಕಡೆ ಅಂಟು, ಇನ್ನೊಂದು ಕಡೆ ಜಾರು ಎಂಬಂತಾಗುತ್ತದೆ. ಕಾಂಕ್ರೀಟ್ ಮೇಲೆ ನೇರವಾಗಿ ವಿನೈಲ್ ಹಾಸಿ ಕುಣಿಸುವುದಂತೂ ಕಣಕಾಲುಗಳಿಗೆ ಮಾಡುವ ದ್ರೋಹ. ಕೆಳಗೆ ಪುಟಿಯುವ ಮರದ ಹಲಗೆ ಇರಲೇಬೇಕು.

ಡ್ರಾಮಟರ್ಗ್ ಪ್ರತಿದಿನ ಬರಬಾರದು. ದಿನವೂ ನೋಡಿದ ಕಣ್ಣಿಗೆ ಮೊದಲ ಸಲ ನೋಡುವವರಿಗೆ ಏನು ಕಾಣುತ್ತದೆ ಎಂಬುದು ಮರೆಯುತ್ತದೆ. ಹತ್ತು ಹದಿನೈದು ದಿನಕ್ಕೊಮ್ಮೆ ಬಂದು, ಕಂಡದ್ದನ್ನು ಕಂಡಂತೆ ಹೇಳಿ, ಕೈಬಿಟ್ಟ ತುಣುಕುಗಳಲ್ಲಿ ಯಾವುದನ್ನು ಕೈಬಿಟ್ಟದ್ದು ತಪ್ಪು ಎಂದು ನೆನಪಿಸಿದರೆ ಅವರ ಕೆಲಸ ಆಯಿತು.

ಸ್ಟೇಜ್ ಮ್ಯಾನೇಜರ್‌ಗೆ ‘ಗೋ’ ಎಂಬ ಪದ ಹೆಡ್‌ಸೆಟ್‌ನಲ್ಲಿ ಕ್ಯೂ (ಬೆಳಕು, ಧ್ವನಿ ಬದಲಿಸುವ ಸನ್ನೆ) ಕೊಡುವುದಕ್ಕೆ ಮಾತ್ರ. ಹರಟೆಯಲ್ಲಿ ಬಾಯಿ ತಪ್ಪಿ ಬಂದರೂ ದೀಪ ಆರಿಹೋಗುತ್ತದೆ. ಕ್ಯೂ ಬರೆಯುವಾಗ ‘ಅವಳು ಭಾವುಕಳಾದಾಗ’ ಎಂದು ಬರೆದರೆ ನಡೆಯದು, ‘ಎಡಗಡೆಯವಳ ಬಲಪಾದ ನೆಲ ಮುಟ್ಟಿದಾಗ’ ಎಂದಿರಬೇಕು. ಬೆಳಕು ಪೂರ್ತಿ ಬದಲಾಗಲು ಐದು ಸೆಕೆಂಡು ಬೇಕಿದ್ದು ಅದು ಜಿಗಿತದ ಹೊತ್ತಿಗೆ ಮುಗಿದಿರಬೇಕೆಂದರೆ ಕರೆ ಐದು ಸೆಕೆಂಡು ಹಿಂದೆಯೇ ಹೋಗಬೇಕು. ಹಾಗೆ ಕರೆಯಲು ಕೃತಿ ಬಾಯಿಪಾಠವಾಗಿರಬೇಕು. ಬೆಳಕು, ಧ್ವನಿ ಹೊಂದಿಸಿ ನೋಡುವ ತಾಂತ್ರಿಕ ದಿನಕ್ಕೆ ಮಾತ್ರ ಬಂದವರಿಂದ ಅದು ಸಾಧ್ಯವಿಲ್ಲ, ಕೊನೆಯ ಎರಡು ವಾರವಾದರೂ ತಾಲೀಮಿನಲ್ಲಿ ಕೂರಬೇಕು.

ಎಲ್ಲರಿಗಿಂತ ಮೊದಲು ಬರಬೇಕಾದವರು ನಿರ್ಮಾಪಕರು. ಧ್ವನಿಮುದ್ರಿತ ಹಾಡೊಂದನ್ನು ಬಳಸುವುದಾದರೆ ರಚನೆಯ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ, ಎರಡೂ ಒಬ್ಬರ ಕೈಯಲ್ಲೇ ಇರಬೇಕೆಂದಿಲ್ಲ. ಹತ್ತು ನಿಮಿಷದ ನೃತ್ಯ ಕಟ್ಟಿ ಮುಗಿಸಿದ ಮೇಲೆ ‘ಇಲ್ಲ’ ಎಂಬ ಪತ್ರ ಬಂದರೆ ಬದಲಿ ಸಂಗೀತಕ್ಕೆ ಆ ಚಲನೆ ಒಗ್ಗುವುದು ಅಪರೂಪ. ಪ್ರವಾಸದ ತಾಂತ್ರಿಕ ಪಟ್ಟಿಯೂ ಅವರದೇ: ನೆಲದ ಅಳತೆ, ವಿಂಗ್‌ನ ಅಗಲ, ದೀಪಗಳ ಸಂಖ್ಯೆ, ಮೈ ಬಿಸಿ ಮಾಡಿಕೊಳ್ಳಲು ನರ್ತಕರಿಗೆ ರಂಗ ಬಿಟ್ಟುಕೊಡುವ ಹೊತ್ತು. ಈ ಕೊನೆಯದನ್ನು ಬರೆದಿಡದಿದ್ದರೆ ದೀಪಗಳ ಫೋಕಸ್ ಹೊಂದಿಸುವ ಕೆಲಸ ಆ ಹೊತ್ತನ್ನು ತಿಂದುಹಾಕುತ್ತದೆ.

ನರ್ತಕರ ವಿಷಯಕ್ಕೆ ಬಂದರೆ, ಇವತ್ತಿನ ಬಹುತೇಕ ಕೃತಿಗಳಲ್ಲಿ ಚಲನೆಯ ದೊಡ್ಡ ಪಾಲು ಅವರಿಂದಲೇ ಹುಟ್ಟುತ್ತದೆ. ನೃತ್ಯ ಸಂಯೋಜಕರು ಪ್ರಶ್ನೆ ಕೊಡುತ್ತಾರೆ, ಉತ್ತರ ಇವರ ಮೈಯಿಂದ ಬರುತ್ತದೆ. ಕರಪತ್ರದಲ್ಲಿ ‘ನರ್ತಕರೊಂದಿಗೆ ಸೇರಿ ರಚಿಸಿದ್ದು’ ಎಂಬ ಸಾಲು ಇರುತ್ತದೋ ಇಲ್ಲವೋ, ತಂಡ ಬಿಟ್ಟು ಹೋದ ಮೇಲೆ ಅವರು ಕಟ್ಟಿದ ತುಣುಕನ್ನು ಇನ್ನೊಬ್ಬರಿಗೆ ಕಲಿಸಬಹುದೋ, ಅದಕ್ಕೆ ಹಣ ಸಲ್ಲುತ್ತದೋ, ಇವೆಲ್ಲ ಮೊದಲ ವಾರವೇ ಕಾಗದದ ಮೇಲೆ ಇರಬೇಕು. ಯಶಸ್ಸು ಬಂದ ಮೇಲೆ ಈ ಮಾತು ಎತ್ತಿದರೆ ಜಗಳವೇ.

ಬದಲಿ ನರ್ತಕರಿಗೆ ಕಲಿಸುವ ತಾಲೀಮು ನಿರ್ದೇಶಕರಿಗೆ ಮುಂದಿನಿಂದ ತೆಗೆದ ವಿಡಿಯೊ ಒಂದೇ ಸಾಲದು, ಎಡಬಲ ಅದಲುಬದಲಾಗುತ್ತದೆ. ಹಿಂದಿನಿಂದ ತೆಗೆದದ್ದೂ ಬೇಕು. ಎತ್ತುವಿಕೆಗಳಲ್ಲಿ ಯಾರ ಯಾವ ಕೈ ಎಲ್ಲಿ, ಉಸಿರಿನ ಸನ್ನೆ ಯಾರದು ಎಂಬುದು ವಿಡಿಯೊದಲ್ಲಿ ಕಾಣುವುದಿಲ್ಲ, ಬರೆದೇ ಇಡಬೇಕು. ಕನಿಂಗ್‌ಹ್ಯಾಮ್ ಸಂಸ್ಥೆ ‘ಡಾನ್ಸ್ ಕ್ಯಾಪ್ಸೂಲ್’ ಎಂಬ ಹೆಸರಿನಲ್ಲಿ ಒಂದೊಂದು ಕೃತಿಯ ವಿಡಿಯೊ, ಟಿಪ್ಪಣಿ, ಬೆಳಕಿನ ನಕ್ಷೆ, ಧ್ವನಿ, ವಸ್ತ್ರದ ವಿವರಗಳನ್ನು ಒಟ್ಟುಮಾಡಿಟ್ಟಿದೆ. 2011ರ ಡಿಸೆಂಬರ್ 31ರಂದು ತಂಡದ ಕೊನೆಯ ಪ್ರದರ್ಶನ ಮುಗಿದ ನಂತರವೂ ಬೇರೆಯವರು ಆ ಕೃತಿಗಳನ್ನು ಕಲಿಯಲು ಇಂಥ ಕಡತಗಳು ಒದಗುತ್ತಿವೆ. ಸಣ್ಣ ತಂಡಕ್ಕೂ ಇದು ಮೀರಿದ ಕೆಲಸವಲ್ಲ. ಮೊದಲ ಪ್ರದರ್ಶನದ ಮಾರನೆಯ ದಿನ, ಬೆಳಕಿನ ಬೋರ್ಡಿನ ಕಡತವನ್ನು ಎರಡು ಕಡೆ ಉಳಿಸಿ, ಕ್ಯೂ ಪಟ್ಟಿಯನ್ನು ಮುದ್ರಿಸಿ, ಉಡುಪಿನ ಒಳಗೂ ಹೊರಗೂ ಫೋಟೊ ತೆಗೆದು, ಬಳಸಿದ ಬಣ್ಣದ ಪ್ರಮಾಣವನ್ನು ಬಟ್ಟೆಯ ತುಂಡಿನ ಜೊತೆಗೇ ಪಿನ್ ಮಾಡಿಡಿ.